ಕೆಳಬಾಣ

ಯಾದಗಿರಿ. ಸಬ್ ರಿಜಿಸ್ಟ್ರಾರ್ ಕಚೇರಿ ಎದುರು.
ಬೆನ್ನಿಗೆ ಝೆರಾಕ್ಸ್ ಮಷೀನಿನ ಬಿಸಿ,
ಮಾರಿಗೆ ಕೋಟೆಗುಡ್ಡದ ಬಿಸಿ,
ನಡುವ ಕುಂತು ಬರೀತೀನಿ ನಾನು
ಕರ್ಸರ್ ಹೆಂಗ ನಡೀತದ ಅನ್ನೋದು.

ಬರೆಸೋರು ಎಲ್ಲೋ ಇದ್ದಾರ, ಪುಟಕ್ಕಿಷ್ಟು ಅಂತ ಕೊಡ್ತಾರ.
ಎಡಿಟರಿಗೆ ಕನ್ನಡದ ಸಹಾಯಪುಟ ಬೇಕಂತ.
ಸರಳ ಇರಲಿ ಅಂದಾರ. ಸರಳ ಬರೆದೆ:
    ಕೆಳಬಾಣ ಒತ್ತಿದರೆ ಕರ್ಸರ್ ಮುಂದಿನ ಸಾಲಿಗೆ ಇಳಿಯುತ್ತದೆ.

ಓದಿ ನಕ್ಕರು ಬಾಂಡ್ ರೈಟರ್ ದೇವಿಂದ್ರಪ್ಪನವರು.
"ಸುಳ್ಳದ ಬಿಡವ್ವ. ನಂದೊಂದು ತೆಗೆದು ನೋಡು."
ತೆಗೆದೆ. ಪರದೆ ತುಂಬ ಒಂದೇ ವಾಕ್ಯ:
ಸದರಿ ಸ್ವತ್ತನ್ನು ಸದರಿಯವರು ಸದರಿಯವರಿಗೆ,
ಪೂರ್ವಕ್ಕೆ ಬಂಡಿದಾರಿ, ಪಶ್ಚಿಮಕ್ಕೆ ರಾಜಮಾಬೀ ಹೊಲ,
ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಖರಾಬು,
ಎಲ್ಲೂ ಎಂಟರ್ ಇಲ್ಲ.
ಮೂವತ್ತು ವರ್ಷ ಕೈಲೆ ಬರೆದ ಮನುಷ್ಯ;
ಜಾಗ ಬಿಟ್ಟರ ಯಾರಾರ ಏನಾರ ತುರುಕ್ತಾರ ಅನ್ನೋದು
ಬೆರಳಿಗೇ ಗೊತ್ತದ.
ಒಮ್ಮೆ ಒತ್ತಿದೆ ಕೆಳಬಾಣ.
ದಾರಿ, ಹೊಲ, ಹಳ್ಳ, ಖರಾಬು, ಎಲ್ಲಾ ಜಿಗಿದು
ಕರ್ಸರ್ ಸೀದಾ 'ಸಾಕ್ಷಿದಾರರು' ಅನ್ನೋದರ ಹತ್ರ.

ಅಳಿಸಿ ಬರೆದೆ:
    ಕಣ್ಣಿಗೆ ಕಾಣುವ ಸಾಲು ಬೇರೆ, ಕಡತದ ಸಾಲು ಬೇರೆ.
    ಪರದೆಯ ಅಂಚಿಗೆ ಮಡಚಿಕೊಂಡದ್ದು ಮುರಿದದ್ದಲ್ಲ.
    ಎಂಟರ್ ಒತ್ತಿದಲ್ಲಿ ಮಾತ್ರ ಸಾಲು ಮುಗಿಯುತ್ತದೆ.
"ಈಗ ಖರೆ" ಅಂದು ಚಾ ತರಿಸಿದರು, ಎರಡರಾಗ ಮೂರು ಮಾಡಿಸಿ.

ಕಾಲಮ್ಮಿಗೆ ಏನನ್ನಲಿ?
ಕಂಬಸಾಲು ಅಂತದ ಅವರು ಕಳಿಸಿದ ಪಟ್ಟಿ.
ಕಂಬ ಅಂದರ ನಮ್ಮಲ್ಲಿ ಕರೆಂಟಿಂದು.
ಚೌಕಾಬಾರದಾಗ ಕಾಯಿ ನಡೆಸ್ತೀವಲ್ಲ, ಮನಿ ಎಣಿಸಿ,
ಹಂಗ, ಮನೆ ಅಂತ ಹಾಕಿದೆ.
    ನಲವತ್ತನೆಯ ಮನೆಯಿಂದ ಇಳಿದ ಕರ್ಸರ್
    ಗಿಡ್ಡ ಸಾಲು ಸಿಕ್ಕರೆ ಅದರ ತುದಿಗೆ ನಿಲ್ಲುತ್ತದೆ.
    ಮುಂದೆ ಉದ್ದ ಸಾಲು ಬಂದರೆ ಮತ್ತೆ ತನ್ನ ಮನೆಗೇ ಹೋಗುತ್ತದೆ.

ನೋಡದೇ ಬರೀಬಾರದು.
ಗಿಡ್ಡ ಸಾಲಿರೋ ಕಡತ ಹುಡುಕಿದೆ, ಸಿಕ್ಕಿದ್ದು ನಮ್ಮದೇ,
ಹೋದ ವರ್ಷ ಇದೇ ಕುರ್ಚಿಮ್ಯಾಲ ನಾನೇ ಹೊಡೆದ
ಹಕ್ಕು ಬಿಡುಗಡೆ ಪತ್ರ.
ಅಣ್ಣನ ಸಾಲು: ಹೆಸರು, ವಯಸ್ಸು, ಉದ್ಯೋಗ, ಸರ್ವೆ ನಂಬರು, ಎಕರೆ.
ಅದರ ಕೆಳಗ: ಮಾಳಮ್ಮ.
ಮೂರಕ್ಷರ. ಯಂತ್ರದ ಲೆಕ್ಕಕ್ಕ ಆರು, ಅಷ್ಟೇ.
ಅದರ ಕೆಳಗ ತಮ್ಮ, ಮತ್ತ ಉದ್ದ.

ಒತ್ತಿದೆ.
ಅಣ್ಣನ ಎಕರೆಯಿಂದ ಇಳಿದು
ನನ್ನ ಹೆಸರಿನ ಮಗ್ಗಲಿಗೆ ಬಂದು ನಿಂತಿತು, ಮಿಣಕ್, ಮಿಣಕ್.
ಒತ್ತಿದೆ.
ತಮ್ಮನ ಗುಂಟೆ. ನಲವತ್ತನೇ ಮನಿ.
ಮ್ಯಾಲ, ಕೆಳಗ, ಮ್ಯಾಲ, ಕೆಳಗ,
ಎಷ್ಟು ಸಲ ಅಂತ ಬರೆದಿಟ್ಟಿಲ್ಲ.

"ಗಿಡ್ಡ ಸಾಲಿನ್ಯಾಗ ನಿಂತಾಗ
ಎಲ್ಲಿಟ್ಟಿರ್ತದ ಅದು ತನ್ನ ನಲವತ್ತು?"
ದೇವಿಂದ್ರಪ್ಪನವರು ಕೇಳಿದ್ದು ಯಂತ್ರದ ಮಾತು.
"ನೆನಪಿನಾಗ" ಅಂದೆ.
"ಮರಿಯಂಗಿಲ್ಲೇನು?"
ಮರೀತದ ರೀ. ಎಡಬಾಣ ಇಲ್ಲಾ ಬಲಬಾಣ,
ಒಮ್ಮೆ ಒತ್ತಿದರ ಸಾಕು,
ಒಂದಕ್ಷರ ಅತ್ತಿತ್ತ ಸರಿದರ ಸಾಕು,
ನಿಂತದ್ದೇ ಮನಿ ಅಂತ ತಿಳೀತದ.
ಅದನ್ನೂ ಬರೆದೆ, ದಪ್ಪಕ್ಷರದಾಗ, ಮುಂದ 'ಗಮನಿಸಿ' ಅಂತ ಹಚ್ಚಿ.

ಸಂಜಿಗೆ ಕಚೇರಿ ಬಾಗಿಲು ಹಾಕಿತು.
ಕರೆಂಟು ಹೋಗಿ ಯುಪಿಎಸ್ ಕುಂಯ್ ಅನ್ನಾಕತ್ತಿತು.
ಉಳಿದದ್ದೊಂದೇ: ಕೊನೇ ಸಾಲಿನ್ಯಾಗ ನಿಂತು ಒತ್ತಿದರ?
ನೋಡಿದೆ.
    ಅಲುಗುವುದಿಲ್ಲ. ಇದು ದೋಷವಲ್ಲ.

ಪತ್ರ ಮುಚ್ಚಿದೆ.
ಉಳಿಸಬೇಕೇ, ಬೇಡವೇ ಅಂತ ಕೇಳಲೇ ಇಲ್ಲ ಅದು.
ಕರ್ಸರ್ ಎಷ್ಟು ಓಡಾಡಿದರೂ ಕಡತ ಬದಲಾಗಂಗಿಲ್ಲ.
ಈ ಮಾತು ಯಾವ ತಲೆಬರಹದ ಕೆಳಗ ಬರ್ತದೋ
ತಿಳೀಲಿಲ್ಲ ನನಗ. ಕಡೀಕ,
ಅಡಿಟಿಪ್ಪಣಿಗೆ ಹಾಕಿದೆ.