ಹಿಡಿದವರ ಕೈ

ಫೋನಿನ ತುಂಬ ಮಲಗಿದ ಮಕ್ಕಳು.
ಬುಟ್ಟಿಯಲ್ಲಿ, ಬಕೆಟ್ಟಿನಲ್ಲಿ, ಉಣ್ಣೆಯ ಗೂಡಿನಲ್ಲಿ.
ಒಂದು ಮಗುವಂತೂ ಎರಡೂ ಅಂಗೈಗೆ ಗಲ್ಲವೂರಿ,
ಕರೆಂಟು ಹೋದ ಸಂಜೆ ಜಗಲಿಯಲ್ಲಿ ಕೂತ ಮಾವನ ಹಾಗೆ.

ಎಣ್ಣೆಗೈ ಸೆರಗಿಗೆ ಒರೆಸಿ
ಗುಲಾಬಿಯಕ್ಕ ಬಗ್ಗಿ ನೋಡಿದರು.
"ಹನ್ನೊಂದು ದಿನದ ಬಾಲೆಗೆ ಎಂತ ಯೋಚನೆ ಮಾರಾಯ್ತಿ,
ಸೊಸೈಟಿ ಸಾಲದ್ದಾ?"
ನಗು ಬಂತು. ಹೊಲಿಗೆ ಜಗ್ಗಿತು. ನಗು ನಿಂತಿತು.
"ಈ ಕುತ್ತಿಗೆ ತಾನಾಗಿ ಹೀಗೆ ನಿಲ್ಲುವಂಥದ್ದಲ್ಲ," ಅಂದರು,
"ಹಿಡಿದವರ ಕೈ ಎಲ್ಲಿ?"

ಉರ್ವದಿಂದ ಬೊಕ್ಕಪಟ್ಣದವರೆಗೆ
ಎಷ್ಟು ಮಕ್ಕಳನ್ನು ಮೀಯಿಸಿದ್ದಾರೋ, ಲೆಕ್ಕವಿಟ್ಟವರಲ್ಲ.
ಚಾಚಿದ ಎರಡು ಕಾಲೇ ಅವರ ಮಣೆ, ಅವರ ತಕ್ಕಡಿ.
ಬಿಸಿನೀರನ್ನು ಮೊದಲು ತನ್ನ ಮೊಣಕೈಗೆ ಹೊಯ್ದು ಕೇಳುತ್ತಾರೆ,
ಆಮೇಲೆ ಮಗುವಿಗೆ.

ಮೊದಲ ಸ್ಟುಡಿಯೋ ಬಲ್ಮಠದ ಹತ್ತಿರ, ಮೂರನೆಯ ಮಾಳಿಗೆ.
ಹುಡುಗ ಒಳ್ಳೆಯವನೇ; ದರ ಹೇಳುವಾಗ ನಾಚಿಕೊಂಡ.
ಆ ಗಲ್ಲದ ಚಿತ್ರ ಹೇಗೆ ತೆಗೆದದ್ದು, ಕೇಳಿದೆ.
"ಅದೆಲ್ಲ ಆಗ್ತದೆ ಮೇಡಂ, ನಿದ್ದೆ ಬಂದರೆ ಮಕ್ಕಳು ರಬ್ಬರ್."
ರಬ್ಬರ್.
ಆ ಶಬ್ದ ನನ್ನ ಜೊತೆ ರಿಕ್ಷಾ ಹತ್ತಿತು,
ರಾತ್ರಿ ಎರಡೂವರೆಗೆ ಹಾಲು ಕೊಡುವಾಗಲೂ
ಮಗ್ಗುಲಲ್ಲಿ ಎಚ್ಚರವಿತ್ತು.

"ನಿನ್ನದು ಅತಿಯಾಯಿತು," ಅಂದ ಯತೀಶ.
ದಕ್ಕೆಯಲ್ಲಿ ಲಾರಿಗಳಿಗೆ ಐಸು ತುಂಬುವವನು.
"ನೀನು ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವುದಿಲ್ಲವಾ?"
ಸುಮ್ಮನಾದ. ಮರುದಿನ ಅವನೇ ಫೋನು ಹಿಡಿದು
ಒಂದೊಂದೇ ಕಿವಿರು ಎತ್ತತೊಡಗಿದ:
ಹಾಸುವ ಬಟ್ಟೆ ಒಗೆಯುವುದು ಯಾವಾಗ,
ಕೆಮ್ಮುವವರು ಯಾರಾದರೂ ಉಂಟಾ ಅಲ್ಲಿ,
ದೀಪದ ಕಂಬದ ಬುಡಕ್ಕೆ ಭಾರ ಇಟ್ಟಿದ್ದೀರಾ,
ನಮ್ಮನ್ನು ಕೇಳದೆ ಮಗುವಿನ ಪಟ ಊರಿಗೆ ಹಂಚುತ್ತೀರಾ?
ಇಬ್ಬರು ಫೋನಿಟ್ಟರು. ಒಬ್ಬರು ಡಿಸ್ಕೌಂಟ್ ಕೊಟ್ಟರು.
ಜೆಪ್ಪುವಿನ ಐರಿನ್ ಬಾಯಿ ಮಾತ್ರ ತಿರುಗಿ ಕೇಳಿದರು,
"ತಿಂಗಳು ತುಂಬಿ ಹುಟ್ಟಿದ್ದಾ? ಕಾಮಾಲೆ ಇಳಿಯಿತಾ?"

ಹೆಂಚಿನ ಮನೆಯ ಹಿಂದಿನ ಕೋಣೆ.
ಏಪ್ರಿಲಿನ ಸೆಕೆಯಲ್ಲಿ ಫ್ಯಾನು ಆರಿಸಿಟ್ಟಿದ್ದರು.
ನಾವೆಲ್ಲ ಬೆವರಿದೆವು, ಬಟ್ಟೆ ಬಿಚ್ಚಿದ ಮಗು ನಡುಗಲಿಲ್ಲ.
ಉಂಗುರ, ವಾಚು, ಬಳೆ ಕಿಟಕಿಯ ಮೇಲೆ.
ಮೊಣಕೈವರೆಗೆ ಸೋಪು ಹಚ್ಚಿ ತೊಳೆದರು, ತೊಳೆದರು.
ಗುಲಾಬಿಯಕ್ಕನ ತುಟಿ ಅಲ್ಲಾಡುತ್ತಿತ್ತು:
ಎಣಿಸುತ್ತಿದ್ದರು.

ಮಗು ಅತ್ತಿತು. ಕ್ಯಾಮರಾ ಕೆಳಗಿಳಿಯಿತು.
ಹಾಲು ಕೊಟ್ಟೆ, ತೇಗಿಸಿದೆ. ಮತ್ತೆ ಅತ್ತಿತು.
"ಇವತ್ತು ಬೇಡ ಅನ್ನುತ್ತಾ ಉಂಟು ಅದು. ಶುಕ್ರವಾರ ಬನ್ನಿ."
ಒಂದು ಪಟವಿಲ್ಲ, ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ.
ದಾರಿಯಲ್ಲಿ ಗುಲಾಬಿಯಕ್ಕ
ಮೋರ್ಗನ್ಸ್ ಗೇಟ್ ದಾಟುವವರೆಗೂ ಮಾತಾಡಲಿಲ್ಲ.
ಆಮೇಲೆ, "ಅಡ್ಡಿಯಿಲ್ಲ, ಈ ಹೆಂಗಸು."

ಶುಕ್ರವಾರ. ಸುಳ್ಳು ಯಾಕೆ,
ನನಗೂ ಒಳಗೊಳಗೆ ಆ ಗಲ್ಲದ ಚಿತ್ರದ ಆಸೆ.
ಬಾಯಿಬಿಟ್ಟು ಕೇಳಿದೆ. ಐರಿನ್ ಬಾಯಿ ಬೈಯಲಿಲ್ಲ.
ನೆಲದ ಮೇಲೆಯೇ ದಪ್ಪ ಹಾಸಿಗೆ.
ಒಂದು ಪಟ, ತಲೆಯನ್ನು ಹಿಡಿದು.
ಇನ್ನೊಂದು, ಮಣಿಕಟ್ಟು ಹಿಡಿದು.
ಎರಡನ್ನೂ ಕಂಪ್ಯೂಟರಿನಲ್ಲಿ ಕೂಡಿಸುವುದಂತೆ.
"ಕೈಯನ್ನು ಅಳಿಸುವುದು ನಾಡಿದ್ದು, ನನ್ನ ಮೇಜಿನ ಮೇಲೆ.
ಇಲ್ಲಿ, ಮಗುವಿನ ಮೇಲಿಂದ, ಕೈ ತೆಗೆಯುವುದಿಲ್ಲ."

ಹಿಡಿಯಲಿಕ್ಕೆ ಅವರ ತಂಗಿಯ ಮಗಳು ಜೊಯ್ಲಿನ್ ಮುಂದೆ ಬಂದಳು.
ಅಷ್ಟರಲ್ಲಿ ಗುಲಾಬಿಯಕ್ಕ ಆಗಲೇ ಕೈ ತೊಳೆದು,
ಚಕ್ಕಳಮಕ್ಕಳ ಕೂತು, ತಲೆ ಹಿಡಿದಾಗಿತ್ತು.

"ಒಂದರಲ್ಲಿ ಮಾತ್ರ ಅಳಿಸಬೇಡಿ," ಅಂದೆ.

ಈಗ ಅದು ಫ್ರಿಜ್ಜಿನ ಮೇಲಿನ ಗೋಡೆಯಲ್ಲಿ:
ಕಣ್ಣು ಮುಚ್ಚಿದ ಮಗು, ಗಲ್ಲದಡಿ ತನ್ನದೇ ಪುಟ್ಟ ಅಂಗೈ,
ನೆತ್ತಿಯನ್ನು ಕವುಚಿದ ಐದು ಒರಟು ಬೆರಳು,
ಗೆರೆಗೆರೆಯಲ್ಲೂ ತೆಂಗಿನೆಣ್ಣೆ.

ದಿನಾ ಬೆಳಿಗ್ಗೆ ಹಂಡೆಗೆ ಬೆಂಕಿಯೊಟ್ಟುವ ಮೊದಲು
ಗುಲಾಬಿಯಕ್ಕ ಅದರ ಮುಂದೆ ಒಂದು ಗಳಿಗೆ ನಿಲ್ಲುತ್ತಾರೆ.
"ಶ್ಶೆ, ಉಗುರು ನೋಡು ಎಷ್ಟು ಕಪ್ಪು," ಅನ್ನುತ್ತಾರೆ,
"ಅದನ್ನಾದರೂ ಅಳಿಸಲಿಕ್ಕೆ ಹೇಳಬಾರದಿತ್ತಾ?"