ಎಂಟನೆಯವನ ಮನೆ

ಪದಕ ಬಂದದ್ದು ಏಕನ್‌ಗೆ.
ಇದ್ದದ್ದು ಮಾತ್ರ ನಮ್ಮ ಮನೆಯಲ್ಲಿ,
ಓಟ್ ಹಿಟ್ಟಿನ ಪೆಟ್ಟಿಗೆಯ ತಳದಲ್ಲಿ,
ಅಜ್ಜಿಯದಲ್ಲದೆ ಬೇರೆ ಕೈ ಇಳಿಯದ ಕಡೆ.

ನಮ್ಮದು ಲೂಯಿಸ್ ದ್ವೀಪದ ಪಡುವಣ ಅಂಚು.
ಮರವಿಲ್ಲ, ಗಾಳಿ ಬಿಡುವುದಿಲ್ಲ.
ಜವುಗು ನೆಲವನ್ನೇ ಹೋಳು ಹೋಳಾಗಿ ಕೊಯ್ದು
ಒಣಗಿಸಿ, ಒಟ್ಟಿ, ಉರಿಸುತ್ತೇವೆ.
ಪೀಟ್ ಅನ್ನುತ್ತಾರೆ. ಸಾವಿರ ವರ್ಷದ ಹುಲ್ಲು
ಮಣ್ಣಾಗಲೂ ಒಲ್ಲದೆ, ಕಲ್ಲಾಗಲೂ ಒಲ್ಲದೆ
ಕಪ್ಪಗೆ ಕೂತದ್ದು.

ಹದಿನೇಳನೇ ಇಸವಿ, ಫ್ಲಾಂಡರ್ಸಿನ ಕೆಸರು.
ಕಿಲ್ಟಿನ ಅಂಚಿಗೆ ಮೆತ್ತಿದ್ದು ಒಣಗಿ ಗರಗಸವಾಗಿ
ಮೊಣಕಾಲ ಹಿಂದಿನ ತೊಗಲು ಕುಯ್ಯುತ್ತಿತ್ತಂತೆ.
ಏಕನ್ ಒಬ್ಬೊಬ್ಬರನ್ನೇ ಬೆನ್ನಿಗೆ ಹಾಕಿಕೊಂಡು
ಗುಂಡುಗಳ ಕೆಳಗೆ ತೆವಳಿ ತಂದ.
ಕುರಿ ಹೊತ್ತು ಅಭ್ಯಾಸ, ಅಂದನಂತೆ ಅಧಿಕಾರಿಗೆ.
ಅಧಿಕಾರಿ ಅದನ್ನು ಬರೆದುಕೊಳ್ಳಲಿಲ್ಲ.

ಚರ್ಚಿನಲ್ಲಿ ಪಾದ್ರಿ ಪ್ರಶಸ್ತಿಪತ್ರ ಓದಿದರು, ಇಂಗ್ಲಿಷಿನಲ್ಲಿ.
ಅಜ್ಜಿ ಓರಿಕ್‌ಗೆ ಗೇಲಿಕ್ ಬಿಟ್ಟು ಬೇರೆ ಬಾರದು.
ಅಂಕಿಯೊಂದು ತಿಳಿಯಿತು: ಏಳು.
ಕರಿ ಶಾಲಿನೊಳಗೆ ಬೆರಳು ಮಡಿಚಿದಳು:
ಮೆಕಾಲೆಯವರ ಅವಳಿ, ಕಮ್ಮಾರನ ಅಳಿಯ,
ಹೆಸರು ಗೊತ್ತಿಲ್ಲದ ಗ್ಲಾಸ್ಗೋ ಹುಡುಗರು ನಾಲ್ವರು.
ಅವಳ ಕೊನಲ್ ಯಾವ ಬೆರಳಿಗೂ ಬರಲಿಲ್ಲ.

ಯುದ್ಧ ಮುಗಿದ ಮೇ ತಿಂಗಳು
ಒಂದು ಬೆಳಗ್ಗೆ ನಮ್ಮ ಪಾಲಿನ ಜವುಗಿನಲ್ಲಿ
ಏಕನ್ ನಿಂತಿದ್ದ, ಕೊಯ್ಯುವ ಕಬ್ಬಿಣ ಹಿಡಿದು.
ಬಾಗಿಲು ತಟ್ಟಲಿಲ್ಲ, ಕೂಲಿ ಕೇಳಲಿಲ್ಲ.
ಅದು ಇಬ್ಬರ ಕೆಲಸ:
ಒಬ್ಬ ಮೇಲೆ ನಿಂತು ಕೊಯ್ಯಬೇಕು,
ಇನ್ನೊಬ್ಬ ಕೆಳಗೆ ನಿಂತು ಹಿಡಿದು ಎಸೆಯಬೇಕು.
ಎರಡು ದಿನ ಅವನೇ ಹತ್ತಿದ, ಅವನೇ ಇಳಿದ.
ಮೂರನೆಯ ದಿನ ಅಜ್ಜಿ ಸೆರಗು ಬಿಗಿದಂತೆ ಶಾಲು ಬಿಗಿದು
ಗುಂಡಿಗಿಳಿದು ಕೈ ಚಾಚಿದಳು.

ಆಗ ಅಮ್ಮನಿಗೆ ಒಂಬತ್ತು. ಹಾಲಿನ ಕ್ಯಾನು ಹಿಡಿದು ನಿಂತವಳು
ಕೇಳಿದ್ದು ಇಷ್ಟೇ:
'ಕೂಗುತ್ತಿದ್ದ,' ಅಂದ ಏಕನ್, ಮೇಲಿನಿಂದ.
ಹಸಿ ಹೋಳೊಂದು ಅಜ್ಜಿಯ ಕೈಗೆ ಬಿತ್ತು.
'ಏನಂತ?'
ಅವನು ಇನ್ನೂ ಮೂರು ಹೋಳು ಕೊಯ್ದ.
'ಗೇಲಿಕ್‌ನಲ್ಲಿ.'
ಅಜ್ಜಿ ತಲೆಯಾಡಿಸಿದಳು. ಆಮೇಲೆ ಮಧ್ಯಾಹ್ನವಾಯಿತು.

ಆ ಚಳಿಗಾಲ ಪೀಟ್ ರಾಶಿ ಕರಗಿ ಕರಗಿ
ಕೊನೆಯ ಸಾಲು ಎತ್ತುವಾಗ ಸಿಕ್ಕಿತು,
ರಿಬ್ಬನ್ನು ನೆನೆದು ಬಣ್ಣ ಬಿಟ್ಟ ಪದಕ.
ಮೇ ಬಂತು. ಓಟ್ ರೊಟ್ಟಿಯ ತಟ್ಟೆಯಲ್ಲಿ
ರೊಟ್ಟಿಯ ಪಕ್ಕ ಇಟ್ಟಳು.
ಅವನು ಜೇಬಿಗೆ ಹಾಕಿಕೊಂಡ.
ಮುಂದಿನ ಚಳಿಗೆ ಮತ್ತೆ ರಾಶಿಯ ಬುಡದಲ್ಲಿ.
ಹೀಗೆ ಇಪ್ಪತ್ತಾರು ವರ್ಷ
ಹೋಗಿ ಬರುತ್ತಿತ್ತು ಅದು, ಎರವಲು ಜರಡಿಯ ಹಾಗೆ,
ಯಾರೂ ಇಟ್ಟುಕೊಳ್ಳಲಾರದೆ, ಯಾರೂ ಎಸೆಯಲಾರದೆ.

ಅವನು ಸತ್ತದ್ದು ಫೆಬ್ರವರಿಯಲ್ಲಿ.
ಅದಕ್ಕೇ ನಮ್ಮಲ್ಲಿ ಉಳಿಯಿತು. ಅಷ್ಟೆ, ಸರದಿ ನಮ್ಮದಿತ್ತು.

ಈಗ ಸ್ಟಾರ್ನೊವೇ ಮ್ಯೂಸಿಯಮ್ಮಿನ ಹುಡುಗಿ ಫೋನು ಮಾಡುತ್ತಾಳೆ:
ಗಾಜಿನೊಳಗೆ ಇಡುತ್ತೇವೆ, ಬೆಳಕು ಬಿಡುತ್ತೇವೆ,
ಚೀಟಿಯ ಮೇಲೆ ಏನು ಬರೆಯೋಣ?
ಅಂಚಿನಲ್ಲಿ ಅವನ ನಂಬರು, ಅವನ ಹೆಸರು ಕೊರೆದಿದೆ.
ದೊರೆಯ ಗಡ್ಡದ ಸಂದಿಯಲ್ಲಿ ಪೀಟ್ ಮಣ್ಣು.
ತೊಳೆಯಬೇಡಿ, ಅಂದೆ.
ಮತ್ತೆ, ಮೇ ತಿಂಗಳು ಕಳೆಯಲಿ, ಅಂದೆ.
ಯಾಕೆ ಎಂದು ಕೇಳಿದಳು.
ಹೊರಗೆ ಗಾಳಿ ಜೋರಿತ್ತು, ಕೇಳಿಸಲಿಲ್ಲ ಅಂದೆ.