ಮೀಸೆಹಕ್ಕಿಗೆಂದು ಹೋದವಳು

ಫೆಬ್ರವರಿ. ಸರೋವರದ ಅಂಚಿಗೆ ಗಾಜು ಕೂತಿದೆ.
ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ
ಕೈಯ ಸ್ಪಿರಿಟ್ ವಾಸನೆ ಆರುವ ಮೊದಲೇ
ಹಲಗೆದಾರಿಯ ತುದಿಗೆ ಬಂದು ಕೂತಿದ್ದೇನೆ.
ಜೊಂಡು, ಜೊಂಡು, ಅದರಾಚೆ ಜೊಂಡು,
ಅದರಾಚೆ ಎಲ್ಲೋ ಹಂಗೇರಿ.
ಗಡಿಯ ಗೆರೆ ಇದರೊಳಗೇ ಹಾದಿದೆಯಂತೆ;
ಹನ್ನೊಂದು ಚಳಿಗಾಲದಲ್ಲಿ ಒಮ್ಮೆಯೂ
ನನ್ನ ಫೋಟೋಕ್ಕೆ ಬಿದ್ದಿಲ್ಲ.

ಬ್ಯಾಟರಿ ಕಂಕುಳಲ್ಲಿ.
ಈ ಚಳಿಗೆ ಅದು ನನಗಿಂತ ಬೇಗ ಸಾಯುತ್ತದೆ.
ಒಂದು ಕ್ಯಾಮೆರಾಕ್ಕೆ, ಒಂದು ಮೈಶಾಖಕ್ಕೆ,
ಅವಳಿ ಕೂಸಿಗೆ ಮೊಲೆ ಬದಲಿಸುವ ಬಾಣಂತಿಯಂತೆ
ಬದಲಿಸುತ್ತ ಕೂತಿದ್ದೇನೆ.

ಣಿಂಗ್.
ಯಾರೋ ಜೇಬಿನೊಳಗೆ ಚಿಲ್ಲರೆ ಎಣಿಸಿದ ಸದ್ದು.
ಬಂದವು ಮೀಸೆಹಕ್ಕಿ!
ನಮ್ಮ ಭಾಷೆಯಲ್ಲಿ ಇದಕ್ಕೆ ಗಡ್ಡದ ಹೆಸರು.
ಇಟ್ಟವರು ಸರಿಯಾಗಿ ನೋಡಿಲ್ಲ, ಇದು
ಇಳಿಬಿದ್ದ ಕಪ್ಪು ಮೀಸೆಯೇ,
ಊರ ಬ್ಯಾಂಡಿನಲ್ಲಿ ತುತ್ತೂರಿ ಊದುವ
ಟೊಮ್ಶಿಚ್ ಮಾವನದರ ತದ್ರೂಪು.

ಬೇಸಿಗೆಯೆಲ್ಲ ಹುಳ ತಿಂದ ಹೊಟ್ಟೆ
ಚಳಿಗೆ ಬೀಜ ಅರೆಯಲೆಂದು ಮರಳು ನುಂಗುತ್ತದೆ.
(ರಾತ್ರಿ ಪಾಳಿಗೆ ನಾನು ಒಗ್ಗಿದ್ದೂ ಹೀಗೆಯೇ.)
ಎರಡು ದಂಟಿಗೆ ಎರಡು ಕಾಲು ಕೊಟ್ಟು
ನಡುವೆ ತೂಗುತ್ತ ತೆನೆಗೆ ಕೊಕ್ಕಿಡುತ್ತದೆ.
ಒತ್ತುತ್ತೇನೆ. ಲೆನ್ಸು ಗುರ್ರೆಂದು
ಮುಂದೆ ಹೋಗಿ, ಹಿಂದೆ ಬಂದು,
ಹಕ್ಕಿಯ ಬಿಟ್ಟು ದಂಟನ್ನು ಹಿಡಿಯುತ್ತದೆ,
ಮದುವೆಮನೆಗೆ ಹೋಗಿ ಚಪ್ಪರದ ಕಂಬದ
ಫೋಟೋ ತಂದವನ ಹಾಗೆ.
ಆಹಾ, ದಂಟು ಎಷ್ಟು ಸ್ಪಷ್ಟ! ಗಿಣ್ಣು, ಸಿಪ್ಪೆ, ಇಬ್ಬನಿಯ ಹರಳು.
ಹಿಂದೆ ಒಂದು ಕಿತ್ತಳೆ ಕಲೆ.

ಯಂತ್ರ ನಿಲ್ಲಿಸಿ ಓತ್ಮಾರ್ ಬಂದ,
ಜೊಂಡು ಕೊಯ್ದು ಕಟ್ಟು ಕಟ್ಟಿ
ಹಾಲೆಂಡಿನ ಮಾಡುಗಳಿಗೆ ಕಳಿಸುವವನು.
ಥರ್ಮಾಸಿನ ಮುಚ್ಚಳದಲ್ಲಿ ಚಹ ಕೊಟ್ಟ.
‘ಸಿಕ್ಕಿತೆ?’
‘ಕಲೆ ಸಿಕ್ಕಿತು.’
‘ಶುಕ್ರವಾರ ಈ ಕಡೆ ಕೊಯ್ಲು.
ಐಸು ಕರಗಿದರೆ ನನ್ನ ಗಾಡಿ ಮುಳುಗುತ್ತದೆ.’

ಮತ್ತೆ ಒಬ್ಬಳೇ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ.
ಬ್ರೆಡ್ಡು ತಿಂದೆ. ತೋಳಿಗೆ ಮೂಗು ಒರೆಸಿದೆ.
ಬೆಳಗಿನ ಜಾವ ಏಳನೇ ಹಾಸಿಗೆಯಲ್ಲಿ ಹೋದ
ಮುದುಕಿಯ ಹೆಸರನ್ನು ಎರಡು ಸಲ
ಗಟ್ಟಿಯಾಗಿ ಹೇಳಿದೆ, ಯಾರೂ ಇಲ್ಲವಲ್ಲ ಎಂದು.
ಜೌಗಿನ ಸೆಳೆವವೊಂದು ತಗ್ಗಿ ಹಾರಿ
ಜೊಂಡಿನ ತಲೆ ಸವರಿ ಹೋಯಿತು.
ಕ್ಯಾಮೆರಾ ಎತ್ತಲಿಲ್ಲ. ಬೆರಳು ಬೆರಳಾಗಿರಲಿಲ್ಲ.

ರಾತ್ರಿ, ಅಡುಗೆಮನೆಯ ಮೇಜು.
ನಾನೂರ ಹನ್ನೆರಡು ಚಿತ್ರ.
ಅಳಿಸು, ಅಳಿಸು, ಇದೂ ಕಂಬ, ಅಳಿಸು.
ಕೊನೆಗುಳಿದದ್ದು ಎಲ್ಲಕ್ಕೂ ಮೊದಲಿನದು,
ಬೆಳಕು ಅಳೆಯಲೆಂದು ಖಾಲಿ ಜೊಂಡಿಗೆ
ಸುಮ್ಮನೆ ಒತ್ತಿದ್ದು.
ಬೆರಳಿಟ್ಟವಳು ನಿಂತೆ.
ಒಂದು ದಂಟಿಗೆ ಕಣ್ಣಿತ್ತು.

ದೊಡ್ಡದು ಮಾಡಿದೆ. ಹಳದಿ.
ಮೇಲೆ ಆಕಾಶಕ್ಕೆ ನಿಗುರಿದ ಕೊಕ್ಕು,
ಕೆಳಗೆ ಕಂದುಗೀರಿನ ಕೊರಳು.
ಜೊಂಡುಬಕ!
ಗಾಳಿಗೆ ಜೊಂಡು ವಾಲಿದ ಕಡೆಗೇ ವಾಲುತ್ತ
ಐದೇ ಮಾರು ದೂರದಲ್ಲಿ, ಬೆಳಗಿನಿಂದ, ನನ್ನನ್ನೇ.
ಬ್ರೆಡ್ಡು ಕಂಡಿತ್ತು. ಮೂಗು ಕಂಡಿತ್ತು.
ಥೆಕ್ಲಾ, ಥೆಕ್ಲಾ ಎಂದದ್ದು
ಕೇಳಿತ್ತು.

ಹೊತ್ತಲ್ಲದ ಹೊತ್ತಿನಲ್ಲಿ ಓತ್ಮಾರನಿಗೆ ಫೋನು.
‘ಗೊತ್ತು,’ ಎಂದ, ‘ಕ್ರಿಸ್ಮಸ್ಸಿನಿಂದ ಇದೆ.’
‘ಹೇಳಬಾರದಿತ್ತೆ?’
‘ಮೀಸೆಹಕ್ಕಿ ಬೇಕು ಅಂದಿದ್ದೆಯಲ್ಲ ನೀನು.’
ಆಮೇಲೆ ಎರಡು ಉಸಿರು.
‘ಮುಂದಿನ ಶುಕ್ರವಾರ ಮಾಡೋಣ. ಐಸು ತಾಳಿದರೆ.’

ಕಿಟಕಿಯಾಚೆ ಸೊನ್ನೆಯ ಕೆಳಗೆ ಒಂಬತ್ತು.
ಐಸು ತಾಳಿದರೆ ಬಕಕ್ಕೆ ಮೀನಿಲ್ಲ,
ಕರಗತೊಡಗಿದರೆ ನಾಳೆಯೇ ಜೊಂಡಿಲ್ಲ.
ಯಾವುದನ್ನು ಬೇಡಿಕೊಳ್ಳಲಿ?
ಎದ್ದು, ಬ್ಯಾಟರಿ ಎರಡನ್ನೂ
ಚಾರ್ಜಿಗೆ ಹಾಕಿದೆ.